990 ತಗೊಳ್ಳೋದಾ, ಕಯಾನೋ ತಗೊಳ್ಳೋದಾ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ದಪ್ಪ ಅಟ್ಟೆಯ ಹಳೇ ಮಾದರಿ ರನ್ನಿಂಗ್ ಶೂಗಳಿಗೆ ಮತ್ತೆ ಕಾಲ ಬಂದಿದೆ. ಹತ್ತು ವರ್ಷದ ಹಿಂದೆ ಇಂಥವನ್ನು ಹಾಕಿಕೊಂಡರೆ ಮಕ್ಕಳು ನಗುತ್ತಿದ್ದರು, ‘ಅಪ್ಪಂದಿರ ಶೂ’ ಅಂತ. 2017ರಲ್ಲಿ ಬಲೆನ್ಸಿಯಾಗ ಅನ್ನೋ ದುಬಾರಿ ಫ್ಯಾಷನ್ ಕಂಪನಿ ‘ಟ್ರಿಪಲ್ ಎಸ್’ ಅಂತ ಇಟ್ಟಿಗೆ ಗಾತ್ರದ ಶೂ ಬಿಟ್ಟಿತು ನೋಡಿ, ಅಲ್ಲಿಂದ ದಪ್ಪ ಶೂಗಳಿಗೇ ಮರ್ಯಾದೆ. ಉಳಿದ ಕಂಪನಿಗಳೂ ತಮ್ಮ ಗೋದಾಮಿನ ಹಳೇ ಅಚ್ಚುಗಳನ್ನು ಧೂಳು ಕೊಡವಿ ಹೊರಗೆ ತೆಗೆದವು.

ನನಗೂ ಒಂದು ಜೊತೆ ಬೇಕಿತ್ತು. ಫ್ಯಾಷನ್ನಿಗಲ್ಲ. ಜಾಥಾ, ಧರಣಿ, ಕೋರ್ಟು, ಡಿಸಿ ಆಫೀಸು ಅಂತ ನಿಂತೂ ನಡೆದೂ ಹಿಮ್ಮಡಿ ಹಿಡಿದುಕೊಂಡಿದೆ. ಹುಡುಕಿ ಹುಡುಕಿ ಕೊನೆಗೆ ಎರಡಕ್ಕೆ ಬಂದು ನಿಂತೆ. ಒಂದು ಅಮೆರಿಕದ ನ್ಯೂ ಬ್ಯಾಲೆನ್ಸ್ 990, ಬೂದು ಬಣ್ಣ, ಹಂದಿ ಚರ್ಮದ ಸ್ವೇಡ್ ಮತ್ತು ಬಲೆ ಬಟ್ಟೆ. ಇನ್ನೊಂದು ಜಪಾನಿನ ಅಸಿಕ್ಸ್ ಜೆಲ್-ಕಯಾನೋ 14, ಬೆಳ್ಳಿ ಬಣ್ಣ, ಬಲೆ ಬಟ್ಟೆಯ ಮೇಲೆ ಕೃತಕ ಪಟ್ಟಿಗಳು, ಅಟ್ಟೆಯೊಳಗೆ ಜೆಲ್. ಎರಡೂ ನನ್ನ ಜೇಬಿಗೆ ಭಾರವೇ.

ಸ್ನೇಹಿತರೊಬ್ಬರು, ಒಳ್ಳೆಯವರೇ, ಸಸ್ಯಾಹಾರಿ, ಸಲಹೆ ಕೊಟ್ಟರು: ‘ಕಯಾನೋ ತಗೊಳ್ಳಿ ಸಾರ್, ಅದರಲ್ಲಿ ಚರ್ಮ ಇಲ್ಲ. ನಿಮ್ಮವರು ತಲೆತಲಾಂತರದಿಂದ ಆ ಚರ್ಮದಿಂದಲೇ ಅಲ್ವಾ ಕಷ್ಟಪಟ್ಟಿದ್ದು.’ ಆ ಮಾತು ನನ್ನ ತಲೆಯಲ್ಲಿ ಹುಳದ ಹಾಗೆ ಕೂತುಬಿಡ್ತು. ಚರ್ಮದಿಂದ ನಾವು ಕಷ್ಟಪಟ್ಟೆವಾ? ಶಾಲೆಯ ಪುಸ್ತಕದಲ್ಲೂ ಹಾಗೇ ಇತ್ತು: ಸತ್ತ ದನ ಎಳೆಯುತ್ತಿದ್ದರು, ಚರ್ಮ ಹದ ಮಾಡುತ್ತಿದ್ದರು, ಅದಕ್ಕೇ ಅಸ್ಪೃಶ್ಯರು ಅಂತ. ಕೆಲಸ ಕೊಳಕು, ಆದ್ದರಿಂದ ಮನುಷ್ಯ ಕೊಳಕು. ಕೆಲಸ ಬದಲಾದರೆ, ಸಾಮಾನು ಬದಲಾದರೆ, ಎಲ್ಲ ಸರಿಹೋಗುತ್ತೆ. ಇದು ಎಷ್ಟರ ಮಟ್ಟಿಗೆ ನಿಜ ಅನ್ನೋದನ್ನು ಈ ಎರಡು ಶೂಗಳನ್ನು ಪಕ್ಕಪಕ್ಕ ಇಟ್ಟೇ ನೋಡಬಹುದು. ಅವು ಬಂದ ಊರುಗಳ ಚರಿತ್ರೆಯಲ್ಲೇ ಉತ್ತರ ಇದೆ.

ಮೊದಲು 990. ಆ ಕಂಪನಿ ಶುರುವಾಗಿದ್ದು 1906ರಲ್ಲಿ, ಬೋಸ್ಟನ್ನಿನಲ್ಲಿ. ವಿಲಿಯಂ ರೈಲಿ ಅನ್ನೋ ವಲಸಿಗ ಶೂ ಮಾಡುತ್ತಿರಲಿಲ್ಲ. ಶೂ ಒಳಗೆ ಇಡುವ, ಅಂಗಾಲಿನ ಕಮಾನಿಗೆ ಆಸರೆ ಕೊಡುವ ಪಟ್ಟಿ ಮಾಡುತ್ತಿದ್ದ. ಅಂಗಳದಲ್ಲಿ ಓಡಾಡುವ ಕೋಳಿಯ ಮೂರು ಬೆರಳಿನ ಕಾಲು ನೋಡಿ ಅವನಿಗೆ ಆ ಉಪಾಯ ಹೊಳೆಯಿತಂತೆ. ದಿನವಿಡೀ ನಿಂತು ಕೆಲಸ ಮಾಡೋರಿಗೆ ಆ ಪಟ್ಟಿ. ಓಟದ ಶೂಗೆ ಆ ಕಂಪನಿ ಬಂದದ್ದು ಎಷ್ಟೋ ತಡವಾಗಿ. 1972ರಲ್ಲಿ ಜಿಮ್ ಡೇವಿಸ್ ಅನ್ನುವವರು ಅದನ್ನು ಕೊಂಡಾಗ ಆರು ಜನ ಕೆಲಸಗಾರರು, ದಿನಕ್ಕೆ ಮೂವತ್ತು ಜೊತೆ ಶೂ, ಅಷ್ಟೇ. ಕೊಂಡ ದಿನ ಬೋಸ್ಟನ್ ಮ್ಯಾರಥಾನ್ ದಿನವೇ. ಹೆಂಗಸರು ಅಧಿಕೃತವಾಗಿ ಆ ಓಟದಲ್ಲಿ ಓಡಲು ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಅವರು ಓಡಿದ್ದು ಲೆಕ್ಕಕ್ಕಿಲ್ಲ.

ಅದೇ ವರ್ಷ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಅಮೆರಿಕದ ಫ್ರಾಂಕ್ ಶಾರ್ಟರ್ ಚಿನ್ನ ಗೆದ್ದರು. ಆಮೇಲೆ ಅಲ್ಲಿ ಆಫೀಸಿಗೆ ಹೋಗೋರೆಲ್ಲ ಬೆಳಿಗ್ಗೆ ಎದ್ದು ಓಡೋಕೆ ಶುರು ಮಾಡಿದರು. ಡಾಂಬರಿನ ಮೇಲೆ ಓಡಿ ಮಂಡಿ ನೋವು, ಹಿಮ್ಮಡಿ ನೋವು. ಅದಕ್ಕೆ ಮದ್ದಾಗಿ ಎಪ್ಪತ್ತರ ದಶಕದ ಮಧ್ಯದಲ್ಲಿ ಇವಿಎ ಅನ್ನೋ ಹಗುರ ಫೋಮ್ ಬಂತು. ಗಾಳಿಗುಳ್ಳೆ ತುಂಬಿದ ಪ್ಲಾಸ್ಟಿಕ್ ಅದು, ಒತ್ತಿದರೆ ಇಳಿಯುತ್ತೆ, ಬಿಟ್ಟರೆ ಏಳುತ್ತೆ. ಅಟ್ಟೆ ದಪ್ಪವಾಗಿದ್ದು ಹೀಗೆ. ಇವತ್ತು ನಾವು ಚಂದ ಅಂತ ನೋಡೋ ಆ ದಪ್ಪ ಅವತ್ತು ನೋವಿನ ಔಷಧ.

1982ರಲ್ಲಿ 990 ಬಂತು. ಬೆಲೆ 100 ಡಾಲರ್. ಓಟದ ಶೂಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೇಳಿರಲಿಲ್ಲ. ಬೂದು ಬಣ್ಣ, ಒಂಚೂರೂ ಹೊಳಪಿಲ್ಲ, ಆದರೂ ಜನ ಕೊಂಡರು. ಅದರ ಆರನೇ ಆವೃತ್ತಿ 2022ರಲ್ಲಿ ಬಂತು. ನನಗೆ ಮುಖ್ಯ ಅನಿಸಿದ್ದು ಅದರ ನಾಲಿಗೆಯ ಮೇಲಿನ ಬರಹ. ಶೂಗೂ ನಾಲಿಗೆ ಇದೆಯಲ್ಲ, ಅದರ ಮೇಲೆ ‘ಮೇಡ್ ಇನ್ ಯುಎಸ್‌ಎ’ ಅಂತ ಇರುತ್ತೆ. ಬೇರೆ ಮಾದರಿಗಳು ಬಹುಪಾಲು ಏಷ್ಯಾದಲ್ಲಿ ತಯಾರಾದರೂ 990 ಮಾತ್ರ ಮೇನ್, ಮ್ಯಾಸಚೂಸೆಟ್ಸ್ ರಾಜ್ಯಗಳ ಕಾರ್ಖಾನೆಗಳಲ್ಲಿ ಆಗುತ್ತೆ. ಪೂರ್ತಿ ಅಲ್ಲ, ಮೌಲ್ಯದಲ್ಲಿ 70% ಅಥವಾ ಅದಕ್ಕಿಂತ ಹೆಚ್ಚು ಅಲ್ಲಿಯದಾದರೆ ಆ ಹೆಸರು ಹಾಕುತ್ತೇವೆ ಅಂತ ಕಂಪನಿಯೇ ಹೇಳುತ್ತೆ. ಅಲ್ಲಿ ಚರ್ಮ ಕತ್ತರಿಸೋರ, ಹೊಲಿಯೋರ ಫೋಟೋ ಜಾಹೀರಾತಿನಲ್ಲಿ ಬರುತ್ತೆ. ಕೈಯಲ್ಲಿ ಹಂದಿ ಚರ್ಮ ಹಿಡಿದು, ಎದೆಯುಬ್ಬಿಸಿ ನಿಂತಿರುತ್ತಾರೆ. ‘ನಮ್ಮ ತಂದೆಯೂ ಶೂ ಹೊಲೀತಿದ್ದರು, ನಾನೂ ಹೊಲೀತೀನಿ’ ಅನ್ನೋದು ಆ ಕಡೆ ಹೆಮ್ಮೆಯ ಮಾತು. ಕೂಲಿ ಸಾಲದು ಅನ್ನೋ ಜಗಳ ಅಲ್ಲೂ ಇದ್ದೇ ಇರುತ್ತೆ, ಬಂಡವಾಳ ಎಲ್ಲಾದರೂ ಬಂಡವಾಳವೇ. ಆದರೆ ಶೂ ಹೊಲಿದ ಕಾರಣಕ್ಕೆ ಆ ಮನುಷ್ಯನಿಗೆ ಬಾಡಿಗೆ ಮನೆ ಸಿಗಲಿಲ್ಲ, ಆತನ ಮಗಳನ್ನು ಮದುವೆಯಾದ ಹುಡುಗನನ್ನು ಕೊಂದರು ಅನ್ನೋದು ಅಲ್ಲಿ ಇಲ್ಲ.

ಹಾಗಂತ ಅಮೆರಿಕದಲ್ಲಿ ಶೂಗೆ ರಾಜಕೀಯ ಇಲ್ಲವಾ? ಬೇಕಾದಷ್ಟಿದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಪದಕ ತಗೊಳ್ಳೋಕೆ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಶೂ ಕಳಚಿ, ಕಪ್ಪು ಕಾಲುಚೀಲದಲ್ಲಿ ವೇದಿಕೆ ಹತ್ತಿದರು. ಎತ್ತಿದ ಮುಷ್ಟಿ ಎಲ್ಲರಿಗೂ ನೆನಪಿದೆ, ನಮ್ಮ ಎಷ್ಟೋ ಬ್ಯಾನರುಗಳಲ್ಲಿ ಆ ಚಿತ್ರ ಇದೆ. ಕೆಳಗೆ ಕಾಲು ನೋಡಿ ಅಂತ ನಾನು ಯಾವಾಗಲೂ ಹುಡುಗರಿಗೆ ಹೇಳ್ತೀನಿ. ಕಪ್ಪು ಜನರ ಬಡತನ ತೋರಿಸೋಕೆ ಅವರು ಶೂ ಬಿಟ್ಟಿದ್ದು. ಜಗತ್ತಿನಲ್ಲೇ ಜೋರಾಗಿ ಓಡೋ ಕಾಲುಗಳು, ಬರಿಗಾಲು.

ಇನ್ನು 2016ರ ನವೆಂಬರ್. ಟ್ರಂಪ್ ಗೆದ್ದ ಮೇಲೆ ನ್ಯೂ ಬ್ಯಾಲೆನ್ಸ್ ಅಧಿಕಾರಿಯೊಬ್ಬರು ವ್ಯಾಪಾರ ಒಪ್ಪಂದದ ಬಗ್ಗೆ ಹೇಳಿದ ಒಂದು ಮಾತು ಹಿಡಿದುಕೊಂಡು, ನವ-ನಾಜಿಗಳ ಒಂದು ಜಾಲತಾಣ ಇದು ಬಿಳಿಯರ ಶೂ ಅಂತ ಘೋಷಿಸಿಬಿಡ್ತು. ಸಿಟ್ಟಾದ ಜನ ಶೂಗಳನ್ನು ಸುಟ್ಟು ವಿಡಿಯೋ ಹಾಕಿದರು. ಕಂಪನಿ ನಾವು ಯಾವ ದ್ವೇಷವನ್ನೂ ಒಪ್ಪಲ್ಲ ಅಂತ ಹೇಳಿಕೆ ಕೊಟ್ಟಿತು. ತಮಾಷೆ ಏನು ಗೊತ್ತಾ? ವಾಷಿಂಗ್ಟನ್, ಬಾಲ್ಟಿಮೋರ್ ಕಡೆಯ ಕಪ್ಪು ಹುಡುಗರು ಎಷ್ಟೋ ವರ್ಷದಿಂದ ಇದೇ 990ಯನ್ನು ತಮ್ಮ ಊರಿನ ಗುರುತಿನ ಹಾಗೆ ಹಾಕಿಕೊಂಡು ಓಡಾಡ್ತಿದ್ದರು. ನಾಜಿ ಬರೆದಿದ್ದಕ್ಕೆ ಅವರೇನು ಬಿಟ್ಟುಕೊಡಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಈಗ ಎರಡನೇ ಶೂ. ಊರು ಕೋಬೆ, ಜಪಾನಿನ ಬಂದರು ಪಟ್ಟಣ. ಯುದ್ಧದಲ್ಲಿ ಬೂದಿಯಾದ ದೇಶದಲ್ಲಿ ಹುಡುಗರಿಗೆ ಆಟದ ಮೂಲಕ ಚೈತನ್ಯ ತುಂಬಬೇಕು ಅಂತ ಕಿಹಾಚಿರೊ ಓನಿತ್ಸುಕಾ ಅನ್ನೋ ಮಾಜಿ ಸೈನಿಕ 1949ರಲ್ಲಿ ಅಲ್ಲಿ ಶೂ ಕಂಪನಿ ಶುರು ಮಾಡಿದರು. ಬ್ಯಾಸ್ಕೆಟ್‌ಬಾಲ್ ಶೂ ಜಾರದ ಹಾಗೆ ಅಟ್ಟೆ ಮಾಡೋದು ಹೇಗೆ ಅಂತ ಯೋಚಿಸುತ್ತಾ ಊಟಕ್ಕೆ ಕೂತಾಗ, ತಟ್ಟೆಯಲ್ಲಿದ್ದ ಆಕ್ಟೋಪಸ್ಸಿನ ಹೀರುಬಟ್ಟಲುಗಳನ್ನು ನೋಡಿ ಹೊಳೆಯಿತಂತೆ. ಅಲ್ಲಿ ಕೋಳಿ ಕಾಲು, ಇಲ್ಲಿ ಆಕ್ಟೋಪಸ್. ಶೂ ಕಂಪನಿಗಳಿಗೆಲ್ಲ ಒಂದೊಂದು ಸ್ಥಳಪುರಾಣ ಬೇಕು ಅಂತ ಕಾಣುತ್ತೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲ, ಮರುವರ್ಷ ಜಪಾನಿಗೆ ಓಡೋಕೆ ಬಂದಾಗ, ಶೂ ಹಾಕಿಕೊಳ್ಳಿ ಅಂತ ಒಪ್ಪಿಸಿದ್ದು ಇದೇ ಓನಿತ್ಸುಕಾ. 1964ರಲ್ಲಿ ಫಿಲ್ ನೈಟ್ ಅನ್ನೋ ಅಮೆರಿಕದ ಯುವಕ ಇವರ ಶೂಗಳನ್ನು ತರಿಸಿ ಮಾರೋಕೆ ಒಂದು ಕಂಪನಿ ಕಟ್ಟಿದ. ಅದೇ ಮುಂದೆ ನೈಕಿ ಆಯ್ತು. 1977ರಲ್ಲಿ ಓನಿತ್ಸುಕಾ ಕಂಪನಿ ಇನ್ನೆರಡರ ಜೊತೆ ಸೇರಿ ಅಸಿಕ್ಸ್ ಆಯ್ತು. 1986ರಲ್ಲಿ ಜೆಲ್ ಬಂತು. 1993ರಲ್ಲಿ ತೊಶಿಕಾಜು ಕಯಾನೋ ಅನ್ನೋ ವಿನ್ಯಾಸಕಾರ ಕೊಂಬಿನ ಜೀರುಂಡೆಯ ಆಕಾರ ನೋಡಿ ಒಂದು ಶೂ ಮಾಡಿದ, ಅವನ ಹೆಸರೇ ಅದಕ್ಕಿಟ್ಟರು. ಅದರ 14ನೇ ಆವೃತ್ತಿ 2008ರದ್ದು. ಈಗ ‘ರೆಟ್ರೋ’ ಅಂತ ವಾಪಸ್ ಬಂದಿರೋದು ಅದೇ.

ಶೂ ಮಾಡಿದವನ ಹೆಸರು ಶೂಗೆ! ಇದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಕೋಬೆಯ ಬಗ್ಗೆ ಓದುತ್ತಾ ಹೋದ ಹಾಗೆ ಹೆಸರು ಇಲ್ಲದವರೂ ಸಿಕ್ಕಿದರು.

ಜಪಾನಿನಲ್ಲಿ ಬುರಾಕುಮಿನ್ ಅಂತ ಒಂದು ಸಮುದಾಯ ಇದೆ. ಬುರಾಕು ಅಂದರೆ ಹಟ್ಟಿ. ಬುರಾಕುಮಿನ್ ಅಂದರೆ ಹಟ್ಟಿಯವರು. ಅನುವಾದವೇ ಬೇಕಿಲ್ಲ ಅಲ್ವಾ? ಹಳೇ ಕಾಲದಲ್ಲಿ ಅವರನ್ನು ಕರೆಯುತ್ತಿದ್ದ ಪದದ ಅರ್ಥ ‘ಬಹಳ ಹೊಲಸು’. ಸತ್ತ ಪ್ರಾಣಿಯ ಚರ್ಮ ಸುಲಿಯೋದು, ಹದ ಮಾಡೋದು, ಡೋಲಿಗೆ ಚರ್ಮ ಬಿಗಿಯೋದು, ಚರ್ಮದ ಅಟ್ಟೆಯ ‘ಸೆತ್ತಾ’ ಅನ್ನೋ ಚಪ್ಪಲಿ ಮಾಡೋದು ಅವರ ಕೆಲಸ. ಬಣ್ಣ ಬೇರೆ ಅಲ್ಲ, ಭಾಷೆ ಬೇರೆ ಅಲ್ಲ, ದೇವರು ಬೇರೆ ಅಲ್ಲ. ಹುಟ್ಟಿದ ಹಟ್ಟಿ ಬೇರೆ, ಅಷ್ಟೇ. 1871ರಲ್ಲಿ ಸರ್ಕಾರ ಇನ್ನು ಮೇಲೆ ಎಲ್ಲರೂ ಸಮಾನ ಅಂತ ಆಜ್ಞೆ ಹೊರಡಿಸಿತು. ಎರಡು ವರ್ಷದಲ್ಲೇ ಮಿಮಾಸಾಕಾ ಪ್ರಾಂತದಲ್ಲಿ ದಂಗೆ ಎದ್ದ ಜನ ಬುರಾಕು ಮನೆಗಳಿಗೆ ಬೆಂಕಿ ಇಟ್ಟರು, ಕೊಂದರು. ಇನ್ನೊಂದು ಕಡೆ, ಹೊಸ ಸೇನೆಗೆ ಬೂಟು ಬೇಕಾದಾಗ ಚರ್ಮದಲ್ಲಿ ದುಡ್ಡಿದೆ ಅಂತ ಗೊತ್ತಾಗಿ ದೊಡ್ಡ ಬಂಡವಾಳಿಗರು ಬಂದರು. ಅಲ್ಲಿಯವರೆಗೆ ಚರ್ಮ ಬುರಾಕು ಜನರ ಹಕ್ಕಾಗಿತ್ತು. ಮೈಲಿಗೆ ಇವರ ಹತ್ತಿರವೇ ಉಳೀತು, ಲಾಭ ಆಚೆ ಹೋಯ್ತು.

1922ರ ಮಾರ್ಚ್ 3ರಂದು ಅವರು ಕ್ಯೋಟೋದಲ್ಲಿ ಸೇರಿ ‘ಸುಯಿಹೇಶಾ’ ಕಟ್ಟಿದರು. ನೀರಿನ ಮಟ್ಟದ ಹಾಗೆ ಸಮ ಮಾಡೋರ ಸಂಘ ಅಂತ ಅರ್ಥ. ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್‌ನಲ್ಲಿ. ಅಲ್ಲೂ ನೀರು, ಇಲ್ಲೂ ನೀರು.

ಕೋಬೆಯ ಪಶ್ಚಿಮಕ್ಕೆ ಹಿಮೇಜಿ ಅಂತ ಊರಿದೆ, ಅದರ ಸುತ್ತಮುತ್ತ ಜಪಾನಿನ ದನದ ಚರ್ಮದ ದೊಡ್ಡ ಹದಗಾರಿಕೆ. ಕೋಬೆಯ ಒಳಗೆ ನಗಾತಾ ಅಂತ ವಾರ್ಡ್ ಇದೆ. ನನ್ನ ಸ್ನೇಹಿತರ ಸಲಹೆಗೆ ಉತ್ತರ ಸಿಕ್ಕಿದ್ದು ಈ ನಗಾತಾದಲ್ಲಿ. ಯುದ್ಧ ಆದ ಮೇಲೆ, 1950ರ ದಶಕದಲ್ಲಿ, ಅಲ್ಲಿ ವಿನೈಲ್ ಪ್ಲಾಸ್ಟಿಕ್ಕಿನಿಂದ ಅಗ್ಗದ ಶೂ ಮಾಡೋ ನೂರಾರು ಸಣ್ಣ ಘಟಕಗಳು ಎದ್ದವು. ‘ಕೆಮಿಕಲ್ ಶೂ’ ಅಂತಲೇ ಹೆಸರು. ಒಂದು ಮನೆಯಲ್ಲಿ ಕತ್ತರಿಸೋದು, ಪಕ್ಕದ ಮನೆಯಲ್ಲಿ ಹೊಲಿಯೋದು, ಮುಂದಿನ ಓಣಿಯಲ್ಲಿ ಅಂಟು ಹಾಕೋದು. ದುಡಿದವರಲ್ಲಿ ಬಹಳ ಜನ ಬುರಾಕುಮಿನ್ ಮತ್ತು ಜಪಾನಿನಲ್ಲೇ ಉಳಿದುಹೋದ ಕೊರಿಯನ್ನರು. ಬೇರೆಡೆ ಕೆಲಸ ಕೊಡದ ಜನ ಇಲ್ಲಿಗೆ ಬಂದರು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಶೂನಲ್ಲಿ ಚರ್ಮ ಇಲ್ಲ. ಸತ್ತ ದನ ಇಲ್ಲ, ರಕ್ತ ಇಲ್ಲ, ವಾಸನೆ ಅಂದರೆ ಅಂಟಿನ ವಾಸನೆ. ಮೈಲಿಗೆಗೆ ಶಾಲೆಯ ಪುಸ್ತಕ ಹೇಳೋ ಒಂದು ಕಾರಣವೂ ಅಲ್ಲಿಲ್ಲ. ಹಟ್ಟಿಯ ಕಳಂಕ ಹೋಯ್ತಾ? 1975ರಲ್ಲಿ ಒಂದು ಸಂಗತಿ ಬಯಲಾಯ್ತು. ಜಪಾನಿನ ಬುರಾಕು ಹಟ್ಟಿಗಳ ಹೆಸರು, ವಿಳಾಸ ಎಲ್ಲ ಪಟ್ಟಿ ಮಾಡಿ ಗುಟ್ಟಾಗಿ ಪುಸ್ತಕ ಮಾರುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವರ ಊರು ನೋಡಿ ಪಕ್ಕಕ್ಕಿಡೋಕೆ ಅದನ್ನು 200ಕ್ಕೂ ಹೆಚ್ಚು ಕಂಪನಿಗಳು ಕೊಂಡಿದ್ದವು. ಆ ಪಟ್ಟಿಯಲ್ಲಿ ಯಾರು ಚರ್ಮ ಮುಟ್ಟಿದ್ದಾರೆ ಅಂತ ಇರಲಿಲ್ಲ. ಯಾರು ಎಲ್ಲಿ ಹುಟ್ಟಿದ್ದಾರೆ ಅಂತ ಇತ್ತು. ಅಜ್ಜನ ಕಾಲಕ್ಕೇ ಚರ್ಮ ಬಿಟ್ಟು ಪಾಠ ಹೇಳೋ ಮೇಷ್ಟ್ರಾದವನ ಮಗನೂ ಆ ವಿಳಾಸದಲ್ಲಿದ್ದರೆ ಮುಗೀತು. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ‘ಯಾವೂರು? ಊರೊಳಗೆ ಯಾವ ಕಡೆ ಮನೆ?’ ಅಂತ ಓನರು ನಯವಾಗಿ ಕೇಳ್ತಾರಲ್ಲ, ಅದನ್ನೇ ಅಚ್ಚು ಹಾಕಿಸಿ ಮಾರಿದ್ದಾರೆ ಅಂದುಕೊಳ್ಳಿ. ನನಗೂ ಆ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ.

1995ರ ಜನವರಿ 17ರ ಬೆಳಗಿನ ಜಾವ ಕೋಬೆಯಲ್ಲಿ ಭೂಕಂಪ. 6,434 ಜನ ಸತ್ತರು. ಒತ್ತೊತ್ತಾಗಿದ್ದ ನಗಾತಾದ ಮರದ ಮನೆಗಳು, ಅಂಟು, ರಬ್ಬರು, ವಿನೈಲ್ ತುಂಬಿದ್ದ ಶೂ ಘಟಕಗಳು ದಿನಗಟ್ಟಲೆ ಉರಿದವು. ಸಾಯೋದರಲ್ಲೂ ಹಟ್ಟಿಗೇ ಪಾಲು ಜಾಸ್ತಿ.

ಈಗ ಎರಡೂ ಶೂ ಪಕ್ಕದಲ್ಲಿಡಿ. ಒಂದು ಕಡೆ ಹಂದಿ ಚರ್ಮ ಹೊಲಿದು ಫೋಟೋಗೆ ನಿಲ್ಲುವ ಮೇನ್ ರಾಜ್ಯದ ಕೆಲಸಗಾರ. ಇನ್ನೊಂದು ಕಡೆ ಚರ್ಮ ಮುಟ್ಟದೆ ಪ್ಲಾಸ್ಟಿಕ್ ಹೊಲಿದೂ ವಿಳಾಸ ಮುಚ್ಚಿಟ್ಟುಕೊಳ್ಳಬೇಕಾದ ಕೋಬೆಯ ಕೆಲಸಗಾರ. ಮೈಲಿಗೆ ಚರ್ಮದಲ್ಲಿ ಎಲ್ಲಿದೆ? ಜಾತಿ ಕೆಲಸಗಳನ್ನಲ್ಲ, ಕೆಲಸ ಮಾಡೋರನ್ನೇ ಹುಟ್ಟಿನ ಮೇಲೆ ಮೇಲೆ-ಕೆಳಗೆ ಜೋಡಿಸಿಡುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ವಾದಿಸಿದ್ದರು. ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಲೂ ಅವರನ್ನು ನೆನೆಸಿಕೊಳ್ಳಿ. ಚಮ್ಮಾರ ಸಮುದಾಯದ ಆ ಬೌಲರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಪುಣೆಯಲ್ಲಿ ಹಿಂದೂ ತಂಡಕ್ಕೆ ಆಡುವಾಗ ಅವರಿಗೆ ಚಹಾ ಕೊಡುತ್ತಿದ್ದುದು ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ. ಅವರ ಕೈ ಸವರಿದ ಚೆಂಡನ್ನು ಹಿಡಿಯೋಕೆ ಯಾವ ಬ್ರಾಹ್ಮಣ ಆಟಗಾರನೂ ಹಿಂದೆಮುಂದೆ ನೋಡಲಿಲ್ಲ. ಚೆಂಡು ಯಾವುದರದ್ದು? ದನದ ಚರ್ಮದ್ದು.

ನಮ್ಮ ಮನೆ ಕಥೆ ಉದ್ದ ಮಾಡಲ್ಲ, ನಿಮ್ಮಲ್ಲಿ ಅರ್ಧ ಜನರದ್ದೂ ಅದೇ. ನಮ್ಮ ತಾತ ತಂಗಡಿ ಚೆಕ್ಕೆ ಹಾಕಿ ಚರ್ಮ ಹದ ಮಾಡಿ, ಗೌಡರ ಮನೆಯವರಿಗೆಲ್ಲ ವರ್ಷಕ್ಕೊಂದು ಜೊತೆ ಎಕ್ಕಡ ಹೊಲಿದು ಕೊಡಬೇಕಿತ್ತು. ಕೂಲಿ ಅಂದರೆ ಕಣದಲ್ಲಿ ಸಿಗೋ ರಾಗಿ. ತಾತ ಹೊಲಿದ ಎಕ್ಕಡ ಊರೊಳಗೆಲ್ಲ ನಡೀತಿತ್ತು, ತಾತನ ಕಾಲಿನ ಎಕ್ಕಡ ಮಾತ್ರ ಊರ ಬಾಗಿಲಲ್ಲಿ ಕೈಗೆ ಬರಬೇಕಿತ್ತು. ಹರಳಯ್ಯನವರ ಕಥೆ ಗೊತ್ತಲ್ಲ. ಬಸವಣ್ಣ ತಿರುಗಿ ‘ಶರಣು ಶರಣಾರ್ಥಿ’ ಅಂದರು ಅನ್ನೋ ಋಣಕ್ಕೆ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು ಅಂತ. ಭಜನೆಯಲ್ಲಿ ಆ ಭಾಗಕ್ಕೆ ಎಲ್ಲರ ಕಣ್ಣಲ್ಲೂ ನೀರು. ಆದರೆ ಕಲ್ಯಾಣ ಕೆಟ್ಟಿದ್ದು ಆ ಚಪ್ಪಲಿಗಲ್ಲ. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಆಯ್ತು, ಅದಕ್ಕೆ ಇಬ್ಬರು ತಂದೆಯರನ್ನೂ ಎಳೆಸಿ ಕೊಂದರು. ಚಪ್ಪಲಿಯನ್ನು ತಲೆ ಮೇಲೆ ಇಟ್ಟುಕೊಳ್ಳೋಕೆ ಈ ಸಮಾಜ ರೆಡಿ, ಮಗನನ್ನು ಮನೆ ಒಳಗೆ ಬಿಟ್ಟುಕೊಳ್ಳೋಕೆ ಅಲ್ಲ.

ಹಳೇ ಕಥೆ ಅನ್ನಬೇಡಿ. 2018ರ ಜೂನ್‌ನಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ಒಬ್ಬ ದಲಿತ ಹುಡುಗನನ್ನು ಹೊಡೆದರು. ಕಾರಣ, ಅವನು ಮೋಜಡಿ ಹಾಕಿಕೊಂಡಿದ್ದ. ‘ರೆಟ್ರೋ’ ಪದ ಕೇಳಿದರೆ ನನಗೆ ಕಸಿವಿಸಿ ಆಗೋದು ಇದಕ್ಕೇ. ಹಳೇ ದಿನಗಳಿಗೆ ಹಂಬಲಿಸಬೇಕು ಅಂದರೆ ಹಳೇ ದಿನಗಳಲ್ಲಿ ಕಾಲಿಗೆ ಏನಾದರೂ ಇರಬೇಕಲ್ಲ.

ಸರಿ, ಆಯ್ಕೆಗೆ ಬರೋಣ. ಎರಡೂ ಮೂಲತಃ ಒಂದೇ ಜಾತಿಯ ಶೂ (ಕ್ಷಮಿಸಿ, ಬೇರೆ ಪದ ಸಿಗಲಿಲ್ಲ). ಓಡುವಾಗ ಪಾದ ಒಳಕ್ಕೆ ವಾಲುವವರಿಗೆ, ಚಪ್ಪಟೆ ಅಂಗಾಲಿನವರಿಗೆ ಆಸರೆ ಕೊಡೋಕೆ ಮಾಡಿದ್ದು. 1992ರಲ್ಲಿ ರಾವ್ ಮತ್ತು ಜೋಸೆಫ್ ಅನ್ನೋ ಇಬ್ಬರು ಮೂಳೆ ವೈದ್ಯರು ನಮ್ಮ ದೇಶದ 2,300 ಮಕ್ಕಳ ಪಾದ ಪರೀಕ್ಷಿಸಿದ್ದರು. ಶೂ ಹಾಕೋ ಮಕ್ಕಳಲ್ಲಿ 8.6% ಚಪ್ಪಟೆ ಪಾದ, ಹಾಕದವರಲ್ಲಿ 2.8%. ಇದನ್ನು ಹಿಡಿದುಕೊಂಡು ‘ನೋಡಿ, ಬರಿಗಾಲೇ ಆರೋಗ್ಯ’ ಅಂತ ನಮಗೆ ಉಪದೇಶ ಮಾಡೋರು ಬಂದರೆ, ಕೊಕ್ಕೆಹುಳ ಬರೋದೂ ಬರಿಗಾಲಿನಿಂದಲೇ ಅಂತ ಹೇಳಿ ಕಳಿಸಿ. ಬರಿಗಾಲು ಆಯ್ಕೆಯಾದರೆ ಆರೋಗ್ಯ, ಅಪ್ಪಣೆಯಾದರೆ ಅವಮಾನ.

ಬರಿಗಾಲಲ್ಲಿ ಬೆಳೆದವರ ಪಾದ ಮುಂದೆ ಅಗಲ, ಬೆರಳು ಹರಡಿಕೊಂಡಿರುತ್ತವೆ. ನನ್ನದೂ ಹಾಗೇ, ಎಂಟನೇ ಕ್ಲಾಸಿನವರೆಗೆ ಚಪ್ಪಲಿ ಕಂಡಿದ್ದು ಜಾತ್ರೆಗೆ ಮಾತ್ರ. ಕಯಾನೋ ಹಾಕಿ ನೋಡಿದೆ. ಹಗುರ, ಗಾಳಿಯಾಡುತ್ತೆ, ಹಿಮ್ಮಡಿ ಕೆಳಗೆ ಜೆಲ್ ಮೆತ್ತಗೆ, ನಡುವೆ ತಿರುಚದ ಹಾಗೆ ಗಟ್ಟಿ ಪ್ಲಾಸ್ಟಿಕ್ ಸೇತುವೆ. ಮಳೆಯಲ್ಲಿ ನೆಂದರೂ ಬೇಗ ಒಣಗುತ್ತೆ. ಪಾದ ಸಪೂರ ಇರೋರು, ಕೆಸರಲ್ಲಿ ಓಡಾಡೋರು, ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನನಗೆ ಕಿರುಬೆರಳು ಒತ್ತಿತು. 990 ಭಾರ ಜಾಸ್ತಿ, ಸ್ವೇಡ್‌ಗೆ ನೀರು ಆಗಲ್ಲ, ಬೆಲೆಯೂ ಮೇಲೆ. ಆದರೆ ಒಂದೇ ನಂಬರಿನಲ್ಲಿ ನಾಲ್ಕಾರು ಅಗಲ ಮಾಡ್ತಾರೆ. 2ಇ ಅಗಲದ್ದು ಹಾಕಿದೆ, ಬೆರಳೆಲ್ಲ ಹಾಯಾಗಿ ಕೂತವು. ಅಂಚಿನಲ್ಲಿ ಗಟ್ಟಿ ಪಾಲಿಯುರೇಥೇನ್, ಒಳಗೆ ಮೆತ್ತನೆ ಫೋಮ್, ಹೊತ್ತುಗಟ್ಟಲೆ ನಿಂತರೂ ಹಿಮ್ಮಡಿ ಸುಮ್ಮನಿತ್ತು. ಅದನ್ನೇ ತಗೊಂಡೆ. ಆರು ಕಂತಿನಲ್ಲಿ.

ಹೌದು, ಹಂದಿ ಚರ್ಮದ್ದು. ಸಲಹೆ ಕೊಟ್ಟ ಸ್ನೇಹಿತರಿಗೆ ನಗಾತಾದ ಕಥೆ ಪೂರ್ತಿ ಹೇಳಿದೆ. ‘ಚಳವಳಿಯವರಿಗೆ ಇಷ್ಟು ದುಬಾರಿ ಶೂ ಯಾಕೆ’ ಅಂತ ಇನ್‌ಬಾಕ್ಸಿಗೆ ಬರೋರಿಗೆ ಒಂದೇ ಮಾತು: ಬಾಬಾಸಾಹೇಬರ ಸೂಟು ಬೂಟಿನ ಬಗ್ಗೆ ಮೊದಲು ಪ್ರಶ್ನೆ ಕೇಳಿ ಬನ್ನಿ, ಆಮೇಲೆ ನನ್ನ ಶೂಗೆ ಬರೋಣ.

ಒಂದು ಕೆಲಸ ಇದೆ. ಬುರಾಕು ಗೆಳೆಯರು ಮತ್ತು ನಮ್ಮವರು 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನಕ್ಕೆ ಒಟ್ಟಿಗೆ ಹೋಗಿದ್ದರು, ಕೆಲಸ ಮತ್ತು ಹುಟ್ಟಿನ ಮೇಲಿನ ತಾರತಮ್ಯವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ. ಅವರು ತಮ್ಮ ಹಟ್ಟಿಗಳ ಚರ್ಮಗಾರಿಕೆಯ ಚರಿತ್ರೆಯನ್ನು ತಾವೇ ದಾಖಲು ಮಾಡಿಕೊಳ್ತಿದ್ದಾರೆ. ನಾವು? ನಮ್ಮ ತಾತನ ಸಾಮಾನಿನಲ್ಲಿ ನನಗೆ ಹೆಸರು ಗೊತ್ತಿರೋದು ರಂಪಿಗೆ, ಉಳಿ, ಎರಡೇ. ಚರ್ಮ ಬಡಿಯೋ ಕಲ್ಲಿಗೆ, ಹೊಲಿಯೋ ದಾರಕ್ಕೆ ಸವರುತ್ತಿದ್ದ ಮೇಣಕ್ಕೆ, ಹದದ ತೊಟ್ಟಿಗೆ ನಿಮ್ಮ ಕಡೆ ಏನಂತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಜಿಲ್ಲೆ ತಾಲೂಕಿನ ಹೆಸರಿನ ಜೊತೆ ಕೆಳಗೆ ಬರೆಯಿರಿ. ಫೋಟೋ ಇದ್ದರೆ ಇನ್ನೂ ಒಳ್ಳೇದು. ಜೈ ಭೀಮ್.